ನೀಲಿ ಟವಲಿನವನು

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಂಪನಿಯಲ್ಲಿ ಒಂದು ಕನ್ನಡ ಬಳಗವಿದೆ. ವರ್ಷದ ಉಳಿದ ದಿನಗಳಲ್ಲಿ ಅದು ಎಲ್ಲಿ ಅಡಗಿರುತ್ತದೋ ಯಾರಿಗೂ ತಿಳಿಯದು. ನವೆಂಬರ್ ಬಂತೆಂದರೆ ಹಳದಿ ಕೆಂಪು ಶಾಲು ಹೊದ್ದು ಕ್ಯಾಂಟೀನಿನ ಬಾಗಿಲಲ್ಲಿ ಪ್ರತ್ಯಕ್ಷವಾಗುತ್ತದೆ. ಈ ಸಲ ಬಳಗದ ಇಬ್ಬರು ನನ್ನ ಮೇಜಿನ ಬಳಿ ಬಂದು, ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಾನು ಸ್ವಲ್ಪ ಹೊತ್ತು ಮಾತಾಡಬೇಕು ಎಂದರು. ವಿಷಯವನ್ನೂ ಅವರೇ ಹೊತ್ತು ತಂದಿದ್ದರು. ಒಂದು ಕ್ರೈಮ್ ಸೀರಿಯಲ್ ನೆನಪಿನಲ್ಲಿ ಉಳಿಯುವುದು ಯಾತರಿಂದ?

“ಇದಕ್ಕೆ ನೀವೇ ಸರಿ ಮೇಡಂ. ನೀವು ನೋಡ್ದೆ ಬಿಟ್ಟಿರೋ ಕೊಲೆನೇ ಇಲ್ವಂತೆ” ಎಂದ ಅವರಲ್ಲೊಬ್ಬ.

ನಾನು ಕಂಪನಿಯ ಬಸ್ಸು ಮತ್ತು ಕ್ಯಾಬುಗಳನ್ನು ಯಾರಿಗೆ, ಎಲ್ಲಿಗೆ, ಯಾವಾಗ ಎಂದು ಹೊಂದಿಸಿ ಕಳಿಸುವ ಕೆಲಸದವಳು. ಕೊಲೆಗೂ ನನಗೂ ಇರುವ ಸಂಬಂಧ ಟಿವಿಯದು ಮಾತ್ರ. ಆದರೆ ಆ ಸಂಬಂಧ ಹಳೆಯದು, ಗಟ್ಟಿಯಾದದ್ದು. ಆಫೀಸಿನಲ್ಲಿ ಯಾರಿಗೂ ಅದು ಗುಟ್ಟಲ್ಲ. ಆಗಲಿ ಎಂದು ಒಪ್ಪಿಕೊಂಡೆ.

ಭಾಷಣ ಚೆನ್ನಾಗಿಯೇ ಆಯಿತು. ಕಥೆ ನಡೆಯುವ ಊರು ನಿಜವಾದ ಊರಿನಂತಿರಬೇಕು, ಬೀದಿಯಲ್ಲಿ ಕೆಸರಿರಬೇಕು, ಇನ್ಸ್‌ಪೆಕ್ಟರಿಗೆ ಸೊಂಟನೋವಿರಬೇಕು ಎಂದೆ. ಸತ್ತವರು ಬರೀ ಹೆಣವಾಗಿರಬಾರದು, ಅವರಿಗೆ ಇಷ್ಟದ ತಿಂಡಿಯೊಂದಾದರೂ ಇರಬೇಕು ಎಂದೆ. ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ ಎಂದು ಹೇಳಿ, ದೊಡ್ಡ ಭಾಷಣಕಾರರ ಹಾಗೆ ನೀರು ಕುಡಿದೆ. ಇಡೀ ಕಥೆಯಲ್ಲಿ ನಮಗೆ ಯಾರು ತುಂಬಾ ಇಷ್ಟವಾಗಿರುತ್ತಾರೋ, ಯಾರು ಇರುವೆಯನ್ನೂ ತುಳಿಯಲಾರರು ಅನ್ನಿಸಿರುತ್ತದೋ, ಕೊಂದವರು ಅವರೇ ಆಗಿರಬೇಕು. ಅಂಥ ಕಥೆಯನ್ನು ಸಾಯುವವರೆಗೂ ಮರೆಯಲಾಗುವುದಿಲ್ಲ. ಚಪ್ಪಾಳೆ ಬಿತ್ತು. ಶಾಲು ಹೊದಿಸಿ, ಕುಂಡದಲ್ಲಿದ್ದ ಒಂದು ಗಿಡ ಕೊಟ್ಟರು.

ಆ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಜಿಗಣಿಯ ಬಸ್ಸಿನಲ್ಲಿ ಕೂತಾಗ ನನಗೆ ಅಳು ಬಂತು. ಕೊನೆಗೆ ಹೇಳಿದ ಆ ಮಾತು ನಮ್ಮ ಮನೆಯಲ್ಲೇ ನಡೆದುಹೋಗಿತ್ತು. ಅದನ್ನು ಆ ಹುಡುಗರ ಮುಂದೆ ಹೇಳಲು ನನಗೆ ಬಾಯಿ ಬಂದಿರಲಿಲ್ಲ.

ನಮ್ಮಪ್ಪ ಜಿಗಣಿಯಲ್ಲೇ ಹುಟ್ಟಿದವನು. ಇಲ್ಲಿ ಫ್ಯಾಕ್ಟರಿಗಳು ಬಂದಾಗ ಅವುಗಳಲ್ಲೊಂದರ ಗೇಟಿಗೆ ವಾಚ್‌ಮನ್ ಆಗಿ ಸೇರಿ, ಆ ಗೇಟಿನಲ್ಲೇ ಕೂದಲು ಬೆಳ್ಳಗಾಗಿಸಿಕೊಂಡ. “ಒಂದ್ಸಲ ನೋಡಿದ್ ಮೊಕ ಮರೆಯೋನಲ್ಲ ನಾನು” ಎನ್ನುವುದು ಅವನ ಜಂಬ. ಜಂಬ ಸುಳ್ಳಾಗಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದವನು ತಟ್ಟನೆ ತಲೆಯೆತ್ತಿ, ಇವನು ನಮ್ಮಲ್ಲಿ ವೆಲ್ಡಿಂಗಿಗೆ ಬಂದು ಸಂಬಳದ ದಿನವೇ ಓಡಿಹೋದವನು ಎಂದು ಗುರುತಿಸುತ್ತಿದ್ದ. ಗುರುತಿಸಿದ್ದು ಎಂದೂ ತಪ್ಪಿದ್ದಿಲ್ಲ. ಅವ್ವ ಮಾತ್ರ, ಮುಖ ನೆನಪಿರುತ್ತೆ, ಉಪ್ಪು ತರೋದು ನೆನಪಿರಲ್ಲ ಎಂದು ಗೊಣಗುತ್ತಿದ್ದಳು.

ನಿವೃತ್ತಿಯಾದ ಮೇಲೆ ಮನೆಯ ಹಿಂದಿನ ಜಾಗದಲ್ಲಿ ಸಾಲಾಗಿ ರೂಮು ಕಟ್ಟಿಸಿದ. ಮೇಲೆ ಶೀಟು, ಮುಂದೆ ಎಲ್ಲರಿಗೂ ಸೇರಿ ಒಂದು ನಲ್ಲಿ. ಯಾದಗಿರಿ, ರಾಯಚೂರು ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು ಅಲ್ಲಿ ಬಾಡಿಗೆಗಿದ್ದಾರೆ. ಅವ್ವ ತೀರಿಕೊಂಡ ಮೇಲೆ ಮುಂದಿನ ಮನೆಯಲ್ಲಿ ಉಳಿದವರು ಅಪ್ಪ ಮತ್ತು ನಾನು. ಮದುವೆ ಯಾಕಾಗಲಿಲ್ಲ ಎಂದು ಕೇಳುವವರು ಈಗ ಕೇಳುವುದನ್ನು ಬಿಟ್ಟಿದ್ದಾರೆ.

ಊಟದ ಹೊತ್ತಿಗೆ ಟಿವಿಯಲ್ಲಿ ಕ್ರೈಮ್ ಸೀರಿಯಲ್ ಬರುತ್ತಿತ್ತು. ಮುದ್ದೆ ಮುರಿಯುತ್ತಾ ಕೊಲೆಗಾರ ಯಾರೆಂದು ಪಂಥ ಕಟ್ಟುವುದು ನಮ್ಮ ಮನೆಯ ಪದ್ಧತಿ. ನಡುಮನೆಯ ಬಾಗಿಲು ತೆರೆದೇ ಇರುತ್ತಿದ್ದರಿಂದ ಹಿಂದಿನ ರೂಮಿನವರೂ ಹೊಸ್ತಿಲ ಬಳಿ ನಿಂತು ತಮ್ಮ ಅಭಿಪ್ರಾಯ ಸೇರಿಸುತ್ತಿದ್ದರು. ಅಪ್ಪನ ಅನುಮಾನ ಮಾತ್ರ ಯಾವಾಗಲೂ ದಪ್ಪ ಮೀಸೆಯವರ ಮೇಲೆ. ನನ್ನ ನೆನಪಿನಲ್ಲಿ ಅವನು ಒಂದು ಸಲವೂ ಗೆದ್ದವನಲ್ಲ.

“ಗೇಟಲ್ಲಿ ನಿಂತ್ಕೊಂಡು ಅದೆಷ್ಟು ಜನ ಕಳ್ಳರನ್ನ ಒಳಗೆ ಬಿಟ್ಯೋ” ಎಂದು ನಾನು ಚುಡಾಯಿಸುತ್ತಿದ್ದೆ.

“ಟಿವೀಲಿ ಇರೋರೆಲ್ಲ ವೇಸದೋರು ಕಣಮ್ಮ. ನಿಜವಾದ್ ಕಳ್ಳ ಬರ್ಲಿ, ಇಡ್ಕೊಡ್ತೀನಿ” ಎನ್ನುತ್ತಿದ್ದ.

ಅವನ ಕಾಯಿಲೆ ಮೊದಲು ಕಾಣಿಸಿಕೊಂಡದ್ದೂ ಆ ಸೀರಿಯಲ್ ನೋಡುವಾಗಲೇ. ಇನ್ಸ್‌ಪೆಕ್ಟರ್ ಬಂದರೆ “ಇವ್ನ್ಯಾರಮ್ಮ?” ಎಂದು ಕೇಳತೊಡಗಿದ. ವರ್ಷಗಟ್ಟಲೆ ನೋಡಿದ ಇನ್ಸ್‌ಪೆಕ್ಟರ್. ಹೇಳುತ್ತಿದ್ದೆ. ಜಾಹೀರಾತು ಮುಗಿದ ಮೇಲೆ ಮತ್ತೆ ಕೇಳುತ್ತಿದ್ದ. ನಾವೆಲ್ಲ ನಕ್ಕೆವು, ಅವನೂ ನಕ್ಕ. ಆಮೇಲೊಂದು ದಿನ ನಲ್ಲಿಯ ಬಳಿ ನಿಂತಿದ್ದ ಹಳೆಯ ಬಾಡಿಗೆದಾರನನ್ನು ತೋರಿಸಿ “ಇವ್ನ್ಯಾರು?” ಎಂದ. ಆಗ ಯಾರೂ ನಗಲಿಲ್ಲ. ಡಾಕ್ಟರು ತಲೆಯ ಫೋಟೋ ತೆಗೆಸಿ ನೋಡಿ, ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ, ಅವರ ಜೊತೆ ವಾದ ಮಾಡಬೇಡಿ, ಹೆದರದ ಹಾಗೆ ನೋಡಿಕೊಳ್ಳಿ, ಅಷ್ಟೇ ನಮ್ಮ ಕೈಯಲ್ಲಿರುವುದು ಎಂದರು.

ಹೆದರದ ಹಾಗೆ ನೋಡಿಕೊಳ್ಳುವ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಿದವನು ಹಿಂದಿನ ರೂಮಿನ ಒಬ್ಬ ಬಾಡಿಗೆದಾರ. ಯಾದಗಿರಿ ಕಡೆಯವನು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವನು. ಜಿಗಣಿಯ ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲಿಗೆ ಪಾಲಿಶ್ ಹಾಕುವ ಕೆಲಸ ಅವನದು. ಅಪ್ಪನಿಗೆ ಹೆಸರುಗಳು ನಿಲ್ಲುತ್ತಿರಲಿಲ್ಲವಾದ್ದರಿಂದ ಅವನನ್ನು ‘ಪಾಲಿಶು’ ಎಂದು ಕರೆಯತೊಡಗಿದ. ನಾವೂ ಹಾಗೆಯೇ ಕರೆದೆವು. ಅವನು ಅಪ್ಪನನ್ನು ಮುತ್ಯಾ ಎನ್ನುತ್ತಿದ್ದ. ಅವರ ಕಡೆ ಅಜ್ಜನಿಗೆ ಹಾಗೆನ್ನುತ್ತಾರೆ.

ಬೆಳಗಿನಿಂದ ಮಧ್ಯಾಹ್ನದ ತನಕ ಮನೆಗೆಲಸದ ಅಕ್ಕ ಅಪ್ಪನ ಜೊತೆಗಿರುತ್ತಿದ್ದಳು. ಅವಳು ಹೋಗುವ ಹೊತ್ತಿಗೆ ಪಾಲಿಶನ ಮೊದಲನೇ ಶಿಫ್ಟು ಮುಗಿಯುತ್ತಿತ್ತು. ಕಲ್ಲಿನ ಬಿಳಿ ಧೂಳನ್ನು ತೊಳೆದುಕೊಂಡು, ನೀಲಿ ಚೌಕಳಿಯ ಟವಲನ್ನು ಹೆಗಲಿಗೆ ಹಾಕಿಕೊಂಡು, ಮುಂದಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

“ನಡೀರಿ ಮುತ್ಯಾ, ಚಾ ಕುಡ್ದು ಬರೋಣು.”

ಅಪ್ಪ ಅಷ್ಟರಲ್ಲೇ ಚಪ್ಪಲಿ ಮೆಟ್ಟಿಕೊಂಡು ತಯಾರಾಗಿರುತ್ತಿದ್ದ. ಇಬ್ಬರೂ ಕೆರೆ ಏರಿಯ ಮೇಲಿನ ಟೀ ಅಂಗಡಿಗೆ ಹೋಗಿ, ನಾನು ಆಫೀಸಿನಿಂದ ಬರುವ ಹೊತ್ತಿಗೆ ನಿಧಾನಕ್ಕೆ ಮರಳುತ್ತಿದ್ದರು. ಪಾಲಿಶ ಎರಡು ಬಾಳೆಹಣ್ಣು ತಂದಿರುತ್ತಿದ್ದ, ಒಂದನ್ನು ಸುಲಿದು ಅಪ್ಪನ ಕೈಗಿಡುತ್ತಿದ್ದ. ಯಾಕಪ್ಪಾ ನಿನಗೆ ಈ ತೊಂದರೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ನಮ್ಮಪ್ಪ ಸಾಯೋ ಮುಂದ ನಾ ಇಲ್ಲಿ ಕಲ್ಲು ತಿಕ್ಕಾಕ್ಹತ್ತಿದ್ನ್ರಿ ಅಕ್ಕಾರ” ಎಂದಷ್ಟೇ ಹೇಳಿದ. ಆಮೇಲೆ ನಾನು ಅದನ್ನು ಕೇಳಲಿಲ್ಲ.

ಆ ವರ್ಷ ಸೀರಿಯಲ್ಲಿನಲ್ಲಿ ಒಂದು ಹೊಸ ಕಥೆ ಶುರುವಾಯಿತು. ನಮ್ಮದರಂಥದ್ದೇ ಒಂದು ವಠಾರ, ಅದರ ಮುದುಕ ಮಾಲೀಕ ಒಂದು ಬೆಳಗ್ಗೆ ಸತ್ತು ಬಿದ್ದಿರುತ್ತಾನೆ. ಮಗನ ಮೇಲೆ ಅನುಮಾನ, ಜಗಳಗಂಟ ಎದುರುಮನೆಯವನ ಮೇಲೆ ಅನುಮಾನ. ದಪ್ಪ ಮೀಸೆಯ ಮಟನ್ ಅಂಗಡಿಯವನ ಮೇಲೂ ಅನುಮಾನ. ಅಪ್ಪ ಹಳೆಯ ಅಭ್ಯಾಸದಿಂದ ಅವನ ಕಡೆಗೇ ಬೆರಳು ತೋರಿಸುತ್ತಿದ್ದ. ಕೊನೆಗೆ ಗೊತ್ತಾದದ್ದು ಏನೆಂದರೆ, ಕೊಂದವನು ಮುದುಕನಿಗೆ ದಿನಾ ಹಣ್ಣು ತಂದುಕೊಡುತ್ತಿದ್ದ, ಕೈಹಿಡಿದು ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದ ನಯವಾದ ಬಾಡಿಗೆದಾರ. ಅವನ ಹೆಗಲ ಮೇಲೂ ಒಂದು ನೀಲಿ ಟವಲಿತ್ತು. ಬಡವರೆಂದು ತೋರಿಸಬೇಕಾದರೆ ಟಿವಿಯವರಿಗೆ ಬೇರೆ ಬಟ್ಟೆ ತೋಚುವುದಿಲ್ಲ.

ಗುಟ್ಟು ರಟ್ಟಾದ ದಿನ ಪಾಲಿಶನೂ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ. “ಥೂ, ಎಂಥಾ ಮನಷ್ಯಾನ್ರೀ ಇಂವಾ. ಉಂಡ ಮನೀಗೇ ಎರಡು ಬಗದ್ನಲ್ರೀ” ಎಂದು ನಿಜವಾಗಿಯೂ ಸಿಟ್ಟಾದ. ನನಗೆ ಖುಷಿಯೋ ಖುಷಿ. ಕಥೆ ಬರೆದವರ ಜಾಣತನವನ್ನು ಮೆಚ್ಚಿಕೊಂಡೆ. ಇನ್ನೂ ಒಂದು ಕಾರಣಕ್ಕೆ ಖುಷಿಯಿತ್ತು. ಆ ದಿನ ಅಪ್ಪ “ಇವ್ನ್ಯಾರು?” ಎಂದು ಒಂದು ಸಲವೂ ಕೇಳಲಿಲ್ಲ. ಊಟ ಬಿಟ್ಟು, ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಆ ದಿನದ ಕಂತನ್ನು ಕೊನೆಯವರೆಗೂ ನೋಡಿದ. ಡಾಕ್ಟರು ಕೊಟ್ಟ ಮಾತ್ರೆ ಹಿಡಿಯುತ್ತಿದೆ, ಅಪ್ಪ ಕಥೆಯನ್ನು ಹಿಂಬಾಲಿಸುತ್ತಿದ್ದಾನೆ ಎಂದುಕೊಂಡೆ.

ಮಾರನೆಯ ಮಧ್ಯಾಹ್ನ ಪಾಲಿಶ ಬಾಗಿಲಿಗೆ ಬಂದು ಎಂದಿನಂತೆ ಕರೆದಾಗ ಅಪ್ಪ ಎದ್ದು ಬಂದು ಅವನ ಮುಖಕ್ಕೇ ಬಾಗಿಲು ಹಾಕಿ ಚಿಲಕ ಜಡಿದನಂತೆ. ನಾನು ಮನೆಗೆ ಬಂದಾಗ ಪಾಲಿಶ ಬಾಳೆಹಣ್ಣು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ನನ್ನ ದನಿ ಕೇಳಿ ಚಿಲಕ ತೆಗೆದ ಅಪ್ಪ ಮತ್ತೆ ಹೋಗಿ ಮಂಚದ ಮೂಲೆಯಲ್ಲಿ ಮುದುಡಿಕೊಂಡ.

“ಆಚೆ ಅವ್ನೆ ನೋಡು. ಆ ಮುದ್ಕುನ್ನ ಕೊಂದೋನು” ಎಂದ ಪಿಸುಮಾತಿನಲ್ಲಿ.

“ಅಪ್ಪಾ, ಅವನು ನಮ್ಮ ಪಾಲಿಶು. ನಿನ್ನ ಟೀ ಕುಡಿಯೋಕೆ ಕರ್ಕೊಂಡೋಗ್ತಾನಲ್ಲ.”

“ಪಾಲಿಶು ನಂಗೊತ್ತಿಲ್ವಾ? ಪಾಲಿಶು ಒಳ್ಳೇನು. ಇವ್ನು ಬ್ಯಾರೆ. ಗೇಟಲ್ಲಿದ್ದೋನು ಕಣೇ ನಾನು, ಮೊಕ ಮರೆಯಲ್ಲ.”

ನಾನು ಬಿಡಿಸಿ ಹೇಳಿದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ವಾದ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಸುಮ್ಮನಾದೆ. ನಾಳೆಗೆ ಮರೆಯುತ್ತಾನೆ, ಬೆಳಗಿನ ತಿಂಡಿ ಏನೆಂಬುದನ್ನೇ ಮರೆಯುವವನು ಇದನ್ನು ಮರೆಯದಿರುತ್ತಾನೆಯೇ ಎಂದುಕೊಂಡೆ. ಅವನು ಮರೆಯಲಿಲ್ಲ. ಸೀರಿಯಲ್ಲಿನ ಹೆಸರು, ಇನ್ಸ್‌ಪೆಕ್ಟರ್, ಸತ್ತ ಮುದುಕನ ಮನೆ, ಎಲ್ಲವೂ ಹೋದವು. ಹೆದರಿಕೆ ಮಾತ್ರ ಉಳಿಯಿತು. ಸೀರಿಯಲ್ಲುಗಳಲ್ಲಿ ನೆನಪಿನಲ್ಲಿ ಉಳಿಯುವುದು ಏನು ಎಂದು ಈಗ ಯಾರಾದರೂ ಮನೆಗೆ ಬಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಮೊದಲು ಟವಲನ್ನು ಬದಲಿಸಿದೆವು. ಪಾಲಿಶ ನೀಲಿ ಟವಲನ್ನು ರೂಮಿನೊಳಗೆ ಮಡಿಚಿಟ್ಟು ಕೆಂಪಿನದು ಹಾಕಿಕೊಂಡು ಬಂದ. ಅಪ್ಪ ಕಿಟಕಿಯಿಂದ ಇಣುಕಿ, “ಟವಲ್ ಬದ್ಲಾಯ್ಸವ್ನೆ” ಎಂದ. ಆಮೇಲೆ ಪಾಲಿಶ ಯಾರಿಗೂ ಹೇಳದೆ ಮೀಸೆ ಬೋಳಿಸಿಕೊಂಡು ಬಂದ. ತನ್ನ ಊರಲ್ಲಿ ಅಪ್ಪ ಸತ್ತಾಗ ಮಾತ್ರ ಮೀಸೆ ತೆಗೆಯುತ್ತಾರೆ ಎಂದು ಅವನು ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ. ಬೋಳು ಮುಖದಲ್ಲಿ ಅವನು ಹತ್ತು ವರ್ಷ ಚಿಕ್ಕವನಂತೆ, ಯಾರೋ ಬೈದು ಕಳಿಸಿದವನಂತೆ ಕಾಣುತ್ತಿದ್ದ. ಅಪ್ಪ ನೋಡಿ, “ವೇಸ ಆಕ್ಕೊಂಡ್ ಬಂದವ್ನೆ” ಎಂದು ಕಿಟಕಿಯನ್ನೂ ಮುಚ್ಚಿದ. ನಾವು ಏನು ಮಾಡಿದರೂ ಅದು ಯಾವುದೋ ಸೀರಿಯಲ್ಲಿನಲ್ಲಿ ಮೊದಲೇ ಆಗಿಹೋಗಿರುತ್ತಿತ್ತು. ವೇಷ ಬದಲಿಸುವವನು ಕೊಲೆಗಾರನೇ ಎಂದು ಅಪ್ಪನಿಗೆ ಕಲಿಸಿದವಳು, ಮುದ್ದೆ ಮುರಿಯುತ್ತಾ, ನಾನೇ.

ಕೊನೆಯ ಕಂತನ್ನು ತೋರಿಸುವ ಯೋಚನೆ ಪಾಲಿಶನದು. “ಅಂವನ್ನ ಪೊಲೀಸ್ರು ಹಿಡ್ದು ಒಯ್ದ್ರಲ್ರೀ ಅಕ್ಕಾರ. ಅದನ್ನ ಮುತ್ಯಾಗ ತೋರಿಸ್ರಿ. ಜೀವ ತಣ್ಣಗಾಗ್ತದ.” ನನಗೂ ಸರಿ ಎನಿಸಿತು. ಸೀರಿಯಲ್ ನೋಡಿ ನೋಡಿ ಬುದ್ಧಿ ಬಲಿತವರು ನಾವು, ರೋಗಕ್ಕೆ ಮದ್ದೂ ಅಲ್ಲೇ ಇರುತ್ತದೆ ಎಂದುಕೊಂಡೆವು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನಿನಲ್ಲಿ ಕೊನೆಯ ಕಂತು ಹಾಕಿದೆ. ಕೈಗೆ ಬೇಡಿ ಬಿತ್ತು, ಜೀಪು ಹೊರಟಿತು, ಜೈಲಿನ ಬಾಗಿಲು ಮುಚ್ಚಿತು. ಅಪ್ಪ ಬಹಳ ಹೊತ್ತು ಫೋನನ್ನೇ ನೋಡಿ ಉಸಿರು ಬಿಟ್ಟ. “ಇಡ್ದಾಕುದ್ರಾ? ಸದ್ಯ” ಎಂದ. ಅಂದು ಎರಡು ಮುದ್ದೆ ಉಂಡ. ತಾನಾಗಿಯೇ ಹೋಗಿ ಬಾಗಿಲು ತೆಗೆದಿಟ್ಟು, ಹೊರಗಿನ ಗಾಳಿಗೆ ಮುಖವೊಡ್ಡಿ ಕೂತ. ನಾನು ಹಿಂದೆ ಹೋಗಿ ಪಾಲಿಶನಿಗೆ, ಗೆದ್ದೆವು, ನಾಳೆ ಬಾ ಎಂದೆ.

ಮಾರನೆಯ ದಿನ ಭಾನುವಾರ. ಪಾಲಿಶ ನಗುತ್ತಾ ಬಾಗಿಲಿಗೆ ಬಂದ. ಅಪ್ಪ ಅವನನ್ನು ನೋಡಿದ. ಅಪ್ಪನ ಕೈಯಲ್ಲಿದ್ದ ಗಾಜಿನ ಲೋಟ ಬಿದ್ದು ಒಡೆಯಿತು.

“ಜೈಲಿಂದ ತಪ್ಪಿಸ್ಕೊಂಡ್ ಬಂದವ್ನೆ” ಎಂದ.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುವ ಗಾದೆಯನ್ನು ನಾನು ಎಷ್ಟೋ ಜನರ ಮೇಲೆ ನಗುತ್ತಾ ಬಳಸಿದ್ದೇನೆ. ಗವಾಕ್ಷಿಯ ಒಳಗಡೆ ಕೂತವರಿಗೆ ಅದು ಹೇಗಿರುತ್ತದೆಂದು ಅಂದು ನೋಡಿದೆ. ಮೊದಲು ಅವನಿಗೆ ಬರೀ ಕೊಲೆಗಾರನ ಹೆದರಿಕೆ. ಈಗ ಪೊಲೀಸರೂ ಹಿಡಿದಿಡಲಾರದ ಕೊಲೆಗಾರನ ಹೆದರಿಕೆ. ಅದನ್ನು ಅವನ ಕೈಗೆ ಕೊಟ್ಟವರು ನಾವಿಬ್ಬರು, ಅವನನ್ನು ಪ್ರೀತಿಸುತ್ತಿದ್ದ ಇಬ್ಬರು. ಒಡೆದ ಲೋಟದ ಚೂರುಗಳನ್ನು ಪಾಲಿಶ ಹೊರಗಿನಿಂದಲೇ ಬಗ್ಗಿ ಆರಿಸುತ್ತಿದ್ದ. ಬೇಡ, ಹೋಗಪ್ಪಾ ಎಂದು ನಾನೇ ಹೇಳಬೇಕಾಯಿತು.

ಅಂದಿನಿಂದ ಪಾಲಿಶ ಮುಂದಿನ ಬಾಗಿಲಿಗೆ ಬರಲಿಲ್ಲ. ಹಿಂದಿನ ಸಂದಿಯಿಂದಲೇ ಹೋಗಿ ಬರುತ್ತಿದ್ದ, ಅಪ್ಪ ಕಿಟಕಿಯಲ್ಲಿದ್ದರೆ ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದ. ತಪ್ಪು ಮಾಡದ ಮನುಷ್ಯ ಕಳ್ಳನ ಹಾಗೆ ಓಡಾಡುವುದನ್ನು ನಾನು ದಿನಾ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಇನ್ನೊಂದು ರೂಮಿನ ಹೆಂಗಸು ಅಪ್ಪನನ್ನು ಆಗಾಗ ನೋಡುತ್ತೇನೆ ಎಂದು ಒಪ್ಪಿಕೊಂಡಳು. ಅವಳಿಗೆ ಕೈಗೂಸು ಬೇರೆ ಇತ್ತು. ಆಗಾಗ ಎಂದರೆ ಆಗಾಗ, ಅಷ್ಟೇ.

ಅವಳು ಮಗುವಿಗೆ ಹಾಲು ಕುಡಿಸುತ್ತಿದ್ದ ಒಂದು ಮಧ್ಯಾಹ್ನ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ. ಟೀ ಕುಡಿಯುವ ಹೊತ್ತು ಎಂದು ಅವನ ಕಾಲಿಗೆ ನೆನಪಿತ್ತು. ಕೆರೆ ಏರಿಯ ಕಡೆ ತಿರುಗುವ ಬದಲು ಎಡಕ್ಕೆ ತಿರುಗಿ, ಗ್ರಾನೈಟ್ ಲಾರಿಗಳು ಓಡಾಡುವ ದೊಡ್ಡ ರಸ್ತೆಯ ನಡುವೆ ನಿಂತಿದ್ದನಂತೆ. ಶಿಫ್ಟು ಮುಗಿಸಿ ಬರುತ್ತಿದ್ದ ಪಾಲಿಶ ಅಪ್ಪನನ್ನು ಕಂಡ. ಅವನು ಯೋಚನೆ ಮಾಡಲಿಲ್ಲ. ಓಡಿಹೋಗಿ ಅಪ್ಪನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. ಹಿಂದೆಯೇ ಲಾರಿ ಹಾದುಹೋಯಿತು. ಅಪ್ಪ ತಿರುಗಿ ಮುಖ ನೋಡಿದವನೇ, ಕೊಲ್ತಾನೆ, ಬಿಡಿಸ್ರಪ್ಪಾ ಎಂದು ಕೂಗಿಕೊಂಡ.

ರೂಮಿನ ಹೆಂಗಸು ನನಗೆ ಫೋನ್ ಮಾಡಿದಾಗ ನಾನು ಬೇರೆಯವರಿಗೆ ಕ್ಯಾಬು ಹೊಂದಿಸುತ್ತಿದ್ದೆ. ದಿನಾ ನೂರಾರು ಜನರನ್ನು ಮನೆಗೆ ಕಳಿಸುವವಳಿಗೆ ಆ ಹೊತ್ತಿನಲ್ಲಿ ಒಂದು ಗಾಡಿ ಸಿಗಲಿಲ್ಲ. ಆಟೋ ಹಿಡಿದೆ, ಬೊಮ್ಮಸಂದ್ರದ ಹತ್ತಿರ ವಾಹನಗಳು ನಿಂತಲ್ಲೇ ನಿಂತಿದ್ದವು. ಫೋನಿನಲ್ಲಿ ಆ ಹೆಂಗಸು “ಅಂವಗ ಹೊಡ್ಯಾಕ್ಹತ್ಯಾರಕ್ಕಾ, ಲಗೂನ ಬಾ” ಎಂದು ಅಳುತ್ತಿದ್ದಳು. ಮುಂದಿನ ಲಾರಿಯ ಹಿಂಬದಿಯನ್ನು ನೋಡುತ್ತಾ ಕೂತಿರುವುದನ್ನು ಬಿಟ್ಟು ನನಗೆ ಬೇರೇನೂ ಸಾಧ್ಯವಿರಲಿಲ್ಲ.

ನಾನು ಹೋಗುವಷ್ಟರಲ್ಲಿ ಜನ ಗುಂಪುಗೂಡಿದ್ದರು. ನಮ್ಮೂರಿನ ಹಳಬರು ಒಬ್ಬಿಬ್ಬರು, ಉಳಿದವರೆಲ್ಲ ಯಾರು ಯಾರೋ. ಇಲ್ಲಿ ಈಗ ಯಾರಿಗೂ ಯಾರೂ ಗೊತ್ತಿಲ್ಲ. ಅಪ್ಪನನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಸೋಡಾ ಕೊಟ್ಟಿದ್ದರು. ಪಾಲಿಶ ಮಣ್ಣಿನಲ್ಲಿ ಕೂತಿದ್ದ. ತುಟಿ ಒಡೆದಿತ್ತು. ಫ್ಯಾಕ್ಟರಿಯಿಂದ ನೇರ ಬಂದಿದ್ದರಿಂದ ಮೈಯೆಲ್ಲ ಕಲ್ಲಿನ ಧೂಳು. ಹೆಗಲ ಮೇಲೆ ನೀಲಿ ಟವಲು. ಕೆಲಸದ ಹೊತ್ತಿನಲ್ಲಿ ಅದನ್ನೇ ಮೂಗಿಗೆ ಕಟ್ಟಿಕೊಳ್ಳುತ್ತಿದ್ದನಂತೆ.

“ನೀಲಿ ಟವಲ್ನೋನೇ ಅಂತ ಅಜ್ಜ ಹೇಳ್ತಿದ್ದಂಗೇ ಟವಲ್ ತೆಗೆಯೋಕೆ ನೋಡ್ದ ಕಣ್ರೀ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ನಂತೆ” ಎಂದು ಒಬ್ಬ ವಿವರಿಸುತ್ತಿದ್ದ. ಅಪ್ಪ ಹೆದರಬಾರದೆಂದು ಅವನು ಅದನ್ನು ಮುಚ್ಚಿಡಲು ಹೋಗಿದ್ದ ಎಂದು ನಾನು ಆ ಗುಂಪಿಗೆ ಯಾವ ಮಾತಿನಲ್ಲಿ ಹೇಳಲಿ?

ಇಬ್ಬರು ಪೊಲೀಸರೂ ಬಂದಿದ್ದರು. ಸೀರಿಯಲ್ಲಿನವರಂತಲ್ಲ, ಬಿಸಿಲಿಗೆ ದಣಿದ ಸಾದಾ ಮನುಷ್ಯರು. ನಾನು ಅಪ್ಪನ ಕಾಯಿಲೆಯ ವಿಷಯ ಹೇಳಿದೆ, ಇವನು ನಮ್ಮ ಮನೆಯವನ ಹಾಗೆ ಎಂದೆ. ಅವರಲ್ಲೊಬ್ಬರು ಅಪ್ಪನ ಕಡೆ ತಿರುಗಿ, “ಅಜ್ಜಾ, ಸರಿಯಾಗ್ ನೋಡಿ ಹೇಳಿ, ಇವನೇನಾ?” ಎಂದು ಮೆಲ್ಲಗೆ ಕೇಳಿದರು.

ಅಪ್ಪ ಕುರ್ಚಿಯಲ್ಲಿ ನೆಟ್ಟಗಾದ. ಗೇಟಿನಲ್ಲಿ ನಿಂತಿದ್ದ ಕಾಲದ ನಿಲುವು ಅವನ ಬೆನ್ನಿಗೆ ಮರಳಿ ಬಂದಿತ್ತು. “ಇವ್ನೇ ಸಾರ್. ಮೊಕ ಮರೆಯೋನಲ್ಲ ನಾನು” ಎಂದ. ಜೀವನದಲ್ಲಿ ಮೊದಲನೇ ಸಲ ಕೊಲೆಗಾರನನ್ನು ಸರಿಯಾಗಿ ಹಿಡಿದುಕೊಟ್ಟ ಹೆಮ್ಮೆ ಅವನ ಮುಖದಲ್ಲಿತ್ತು. ಸುತ್ತ ನಿಂತವರು ಅಜ್ಜನ ಧೈರ್ಯ ಮೆಚ್ಚಿಕೊಂಡರು. ನನಗೆ ಅಪ್ಪನ ಮೇಲೆ ಕೆಂಡದಂಥ ಕೋಪ ಬಂತು, ಆ ಕೋಪವನ್ನು ಇಡಲು ಎಲ್ಲೂ ಜಾಗವಿರಲಿಲ್ಲ. ಅವನ ಮೇಲೆ ಇಡುವುದಾದರೂ ಹೇಗೆ, ಅವನು ಅಲ್ಲಿರಲೇ ಇಲ್ಲ.

ಪೊಲೀಸರು ಪಾಲಿಶನ ಆಧಾರ್ ನೋಡಿ, ಎಲ್ಲಿಂದ ಬಂದದ್ದು ಏನು ಎತ್ತ ಎಂದು ಕೇಳಿ ಬಿಟ್ಟುಬಿಟ್ಟರು. ಹೊಡೆದವರು ಅಷ್ಟರಲ್ಲಿ ಕರಗಿಹೋಗಿದ್ದರು.

ಮರುದಿನ ಬೆಳಗ್ಗೆ ಪಾಲಿಶ ಚೀಲ ಕಟ್ಟಿಕೊಂಡು ಹಿಂಬಾಗಿಲಿಗೆ ಬಂದ. ತುಮಕೂರು ರಸ್ತೆಯ ಮಾದನಾಯಕನಹಳ್ಳಿಯಲ್ಲಿ ಗೋಡೌನಿನ ಕೆಲಸಕ್ಕೆ ಅವನ ಊರಿನವನೊಬ್ಬ ಕರೆದಿದ್ದನಂತೆ.

“ನಾ ಇಲ್ಲಿದ್ರ ಮುತ್ಯಾಗ ನಿದ್ದಿ ಬರಂಗಿಲ್ರಿ ಅಕ್ಕಾರ.”

“ನೀನು ಹೋಗ್ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಪ್ಪಾ?”

“ಹೇಳಬ್ಯಾಡ್ರಿ. ಅವ್ರಿಗೇನ್ ಗೊತ್ತಾಗ್ತದ್ರಿ, ಪಾಪ.” ಮೂಗು ಒರೆಸಿಕೊಂಡು ಹೇಳಿದ: “ಸಿಪ್ಪಿ ಪೂರಾ ತೆಗೀಬ್ಯಾಡ್ರಿ ಬಾಳೆಹಣ್ಣಿಂದು. ಅರ್ಧ ತೆಗೆದು ಕೊಟ್ರ ಕೈ ಜಾರಂಗಿಲ್ಲ.”

ಇರು ಎನ್ನುವ ಶಕ್ತಿ ನನಗಿರಲಿಲ್ಲ, ಹೋಗು ಎನ್ನುವ ಮನಸ್ಸೂ ಇರಲಿಲ್ಲ. ಅವನಿಗೆ ಹೊಡೆದವರ ಪರವಾಗಿ ಕ್ಷಮೆ ಕೇಳಲು ಹೋದೆ, ಅವನು ಕೈ ಅಡ್ಡ ಹಿಡಿದ. ಹಿಂದಿನ ಸಂದಿಯಲ್ಲಿ, ಗೋಡೆಗೆ ಅಂಟಿಕೊಂಡೇ, ರಸ್ತೆಗೆ ಹೋದ.

ಈಗ ಮನೆಗೆಲಸದ ಅಕ್ಕ ಹೋದ ಮೇಲೆ ನಾನು ಬರುವ ತನಕ ಹೊರಗಿನಿಂದ ಬೀಗ. ಕೀಲಿಕೈ ರೂಮಿನ ಹೆಂಗಸಿನ ಬಳಿ ಇರುತ್ತದೆ, ಅವಳು ಕಿಟಕಿಯಿಂದ ಆಗಾಗ ಮಾತಾಡಿಸುತ್ತಾಳೆ. ಬೀಗ ಹಾಕುವುದನ್ನು ನೋಡಿ ಬೈಯುವವರಿದ್ದಾರೆ. ಬೈಯಲಿ. ಬೇರೆ ದಾರಿ ಹೇಳಿ ಎಂದರೆ ಅವರ ಬಾಯಿ ಕಟ್ಟುತ್ತದೆ. ಸೀರಿಯಲ್ ನೋಡುವುದನ್ನು ಬಿಟ್ಟೆನೆಂದು ಬರೆದರೆ ಸುಳ್ಳಾಗುತ್ತದೆ, ಅಪ್ಪ ಮಲಗಿದ ಮೇಲೆ ಫೋನಿನಲ್ಲಿ ನೋಡುತ್ತೇನೆ. ಆದರೆ ಕಥೆಯಲ್ಲಿ ಯಾರಾದರೂ ಮುದುಕರ ಕೈಹಿಡಿದು ರಸ್ತೆ ದಾಟಿಸಿದರೆ ನನ್ನ ಬೆರಳು ಫೋನಿನ ಮೇಲೆ ಹೋಗುತ್ತದೆ. ಮುಂದೇನೆಂದು ಗೊತ್ತು, ಅಲ್ಲಿಗೆ ನಿಲ್ಲಿಸಿಬಿಡುತ್ತೇನೆ.

ಭಾಷಣದ ದಿನ ಗಿಡ ಹಿಡಿದುಕೊಂಡು ಮನೆಗೆ ಬಂದು ಬೀಗ ತೆಗೆದಾಗ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ. ದಿನಾ ಹಾಗೆಯೇ ಕೂತಿರುತ್ತಾನೆ.

“ಪಾಲಿಶು ಇವತ್ತೂ ಬರ್ಲಿಲ್ವಲ್ಲಮ್ಮ. ಏನಾಯ್ತೋ ಏನೋ ಆ ಮಗುಂಗೆ” ಎಂದ. ದಿನಾ ಹಾಗೆಯೇ ಕೇಳುತ್ತಾನೆ, ನಾನು ಬರುತ್ತಾನೆ ಬಿಡಪ್ಪಾ ಎನ್ನುತ್ತೇನೆ. ಅಂದು ನನಗೆ ತಡೆಯಲಾಗಲಿಲ್ಲ. ಪಾಲಿಶನಿಗೆ ಫೋನ್ ಮಾಡಿ, ಸ್ಪೀಕರ್ ಒತ್ತಿ ಅಪ್ಪನ ಕೈಗೆ ಕೊಟ್ಟೆ. ಮುಖ ಕಾಣದಿದ್ದರೆ ಸಾಕಲ್ಲ ಎಂಬ ಆಸೆ.

“ಮುತ್ಯಾ, ಆರಾಮ ಅದೀರೇನ್ರಿ?” ಎಂದಿತು ಫೋನು.

ಅಪ್ಪನ ಮುಖ ಅರಳಿತು. ನಾನು ಆ ಮುಖವನ್ನು ತಿಂಗಳುಗಳಿಂದ ನೋಡಿರಲಿಲ್ಲ. “ಪಾಲಿಶಾ? ಎಲ್ ಓಗ್ಬಿಟ್ಟೆ ಮಗಾ? ಟೀಗೆ ಕಾಯ್ತಾ ಇವ್ನಿ.”

“ಡ್ಯೂಟಿ ಅದರಿ ಮುತ್ಯಾ. ಬರ್ತೀನ್ರಿ.”

“ಬಾ. ಬ್ಯಾಗ ಬಾ.” ಅಪ್ಪ ಬಾಗಿಲ ಕಡೆ ನೋಡಿದ. ಫೋನನ್ನು ಬಾಯಿಗೆ ಹತ್ತಿರ ತಂದು ಅಂಗೈ ಅಡ್ಡ ಹಿಡಿದು ದನಿ ತಗ್ಗಿಸಿದ. “ಬರೋವಾಗ ಉಸಾರು ಕಣಪ್ಪಾ. ಈ ಬೀದೀಲಿ ಒಬ್ಬ ಓಡಾಡ್ತಾವ್ನೆ. ನೀಲಿ ಟವಲ್ನೋನು. ಮಾತು ಬಾಳಾ ನಯ. ನೀನು ಒಳ್ಳೇನು, ನಂಬ್ಬಿಡ್ತೀಯಾ.”

ಆ ಕಡೆಯಿಂದ ಗೋಡೌನಿನಲ್ಲಿ ಯಾರೋ ಕೂಗುವುದು, ಲಾರಿ ಹಿಂದಕ್ಕೆ ಬರುವುದು ಕೇಳಿಸುತ್ತಿತ್ತು.

“ಆತ್ರಿ ಮುತ್ಯಾ” ಎಂದ ಪಾಲಿಶ ಆಮೇಲೆ. “ನಾ ಹುಷಾರಿರ್ತೀನ್ರಿ. ನೀವು ಬಾಗ್ಲಾ ಹಾಕ್ಕೊಂಡು ಕುಂದರ್ರಿ.”

ಅಪ್ಪ ಫೋನನ್ನು ನನ್ನ ಕೈಗಿತ್ತ. ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿ, ಎರಡು ಸಲ ಎಳೆದು ನೋಡಿ, ಕುರ್ಚಿಗೆ ಮರಳಿ, ಚಪ್ಪಲಿ ಬಿಚ್ಚದೆ ಪಾಲಿಶನಿಗಾಗಿ ಕಾಯುತ್ತಾ ಕೂತ.